ಮೀನಖಂಡ

ಕಾಲು ಕೆಟ್ಟವರು ಮಾತ್ರ ಹುಡುಕಿಕೊಂಡು ಬರುವ ಮನೆಯೊಂದು ಕಪಿಲೆಯ ದಂಡೆಯಲ್ಲಿತ್ತು.

ಮನೆಯೆಂದರೆ ಎರಡು ಕೋಣೆ, ಒಂದು ಉದ್ದನೆಯ ಜಗಲಿ, ಜಗಲಿಯಿಂದ ನೇರ ಹೊಳೆಗೆ ಇಳಿಯುವ ಹದಿನೆಂಟು ಕಲ್ಲು ಮೆಟ್ಟಿಲು. ಓಟಗಾರರು, ಕಬಡ್ಡಿಯವರು, ಕುಸ್ತಿಯವರು ಅದನ್ನು ಆಶ್ರಮ ಅಂತ ಕರೆಯುತ್ತಿದ್ದರು. ಅಲ್ಲಿ ಟೀವಿ ಇರಲಿಲ್ಲ, ಊಟಕ್ಕೆ ಮುದ್ದೆ ಸೊಪ್ಪಿನ ಸಾರು ಬಿಟ್ಟು ಬೇರೇನೂ ಸಿಗುತ್ತಿರಲಿಲ್ಲ. ಆ ಹೆಸರು ಬರಲು ಅಷ್ಟು ಸಾಕಾಗಿತ್ತು.

ಮನೆಯೊಡತಿ ಪುಟ್ಟಗೌರಮ್ಮ. ಹೆಸರಷ್ಟೇ ಪುಟ್ಟ, ಬಾಗಿಲು ದಾಟಬೇಕಾದರೆ ತಲೆ ತಗ್ಗಿಸಬೇಕಾದ ಆಳು. ಇಪ್ಪತ್ತೆಂಟು ವರ್ಷ ಆಟದ ತಂಡಗಳ ಜೊತೆ ಫಿಸಿಯೋ ಆಗಿ ಊರೂರು ತಿರುಗಿ, ಮೈದಾನದಲ್ಲಿ ಯಾರು ಬಿದ್ದರೂ ಐಸಿನ ಡಬ್ಬಿ ಹಿಡಿದು ಓಡಿದವರು. ಓಡಿದ್ದು ಸಾಕೆನಿಸಿದಾಗ ಇಲ್ಲಿ ಬಂದು ಕೂತರು. ಬಿದ್ದವರು ಈಗ ಅವರಿದ್ದಲ್ಲಿಗೇ ಬರುತ್ತಿದ್ದರು. ಎಲ್ಲರಿಗೂ ಅವರು ಅಮ್ಮ.

ಅಮ್ಮನಿಗೆ ಒಂದು ಚಟವಿತ್ತು. ಯಾರಾದರೂ “ನೋವು ಹೋಯ್ತು” ಅಂದರೆ ಸಾಕು, “ಎಲ್ಲಿಗೆ ಹೋಯ್ತು?” ಅಂತ ಕೇಳುತ್ತಿದ್ದರು.

ತಮಾಷೆ ಅಂದುಕೊಂಡು ನಗುವವರೇ ಹೆಚ್ಚು. ಹಾಗೆ ನಕ್ಕ ಒಬ್ಬ ಕಬಡ್ಡಿ ಆಟಗಾರನನ್ನು ಅಮ್ಮ ಹೊಳೆಯ ಮರಳಿನ ಮೇಲೆ ನಡೆಸಿದರು. ಹೆಜ್ಜೆ ಗುರುತುಗಳನ್ನು ಬಗ್ಗಿ ನೋಡಿದರು.

“ಮಂಡಿಯಿಂದ ಹೋಗಿ ಸೊಂಟದಲ್ಲಿ ಕೂತದೆ ನಿನ್ನ ನೋವು. ಇನ್ನೂ ಕುಂಟ್ತಾ ಇದೀಯ, ನಿಂಗೇ ಗೊತ್ತಿಲ್ಲ.”

ಅವನು ಇನ್ನೂ ಹದಿನೈದು ದಿನ ಮುದ್ದೆ ಉಂಡ.

ಇಂಥ ಮನೆಗೆ ಚೆಲುವರಾಜು ಬಂದದ್ದು ಶಿಷ್ಯನಾಗಲು ಅಲ್ಲ, ಕಾಲು ತೋರಿಸಲು. ಅವನು ನಾನೂರು ಮೀಟರ್ ಓಡುತ್ತಿದ್ದವನು. ಮೂರು ವರ್ಷದ ಹಿಂದೆ ಒಂದು ಕೂಟದಲ್ಲಿ ಎಡಗಾಲಿನ ಮೀನಖಂಡ ಹರಿದಿತ್ತು. ತಂಡದ ಜೊತೆ ಬಂದಿದ್ದ ಹಿರಿಯರೊಬ್ಬರು ಬಿಸಿ ಎಣ್ಣೆ ಹಾಕಿ ಉಜ್ಜಿ, “ಹೂಂ, ಓಡು” ಅಂತ ಬೆನ್ನು ತಟ್ಟಿ, ಮಧ್ಯಾಹ್ನದ ಫೈನಲ್ಲಿಗೆ ಕಳಿಸಿದ್ದರು. ನೂರು ಮೀಟರೂ ಆಗಿರಲಿಲ್ಲ, ಅವನು ಟ್ರ್ಯಾಕಿನ ಮೇಲೆ ಬಿದ್ದಿದ್ದ. ಆಮೇಲೆ ಅವನಿಗೆ ಪಂದ್ಯವೆಂಬುದು ಇರಲಿಲ್ಲ. ಹರಿದ ಜಾಗದಲ್ಲಿ ಹೆಬ್ಬೆರಳು ಕೂರುವಷ್ಟು ಕುಳಿ ಉಳಿದಿತ್ತು.

ಅಮ್ಮ ಆ ಕುಳಿಯನ್ನು ಮುಟ್ಟಿ ನೋಡಿದರು.

“ನಡೀತೀಯ. ಬೇಕಾದ್ರೆ ಓಡ್ತೀಯ. ಪಂದ್ಯ ಮಾತ್ರ ಇಲ್ಲ ಕಣಪ್ಪ.”

ಅವನು ಒಂದಿಡೀ ದಿನ ಮೆಟ್ಟಿಲ ಮೇಲೆ ಕೂತು ಅತ್ತ. ಮಾರನೇ ಬೆಳಿಗ್ಗೆ ಬಂದು, “ಈ ಕೆಲಸ ನಂಗೂ ಕಲಿಸಿಕೊಡಿ ಅಮ್ಮ” ಅಂದ.

“ಮುಟ್ಟು ಅಂತ ನಾನು ಹೇಳೋಗಂಟ ಯಾರ ಕಾಲೂ ಮುಟ್ಟಬ್ಯಾಡ,” ಅಂದರು ಅಮ್ಮ. “ಮೊದಲ ಪಾಠ ಅಷ್ಟೇ.”

ಎರಡು ತಿಂಗಳು ಅವನು ಬ್ಯಾಂಡೇಜು ಸುತ್ತಿಟ್ಟ, ಐಸು ತುಂಬಿಟ್ಟ, ಜಗಲಿ ಗುಡಿಸಿದ. ಓಡಲಂತೂ ಇಲ್ಲ, ಪೇಟೆಯ ಬಸ್ಸು ಹೊರಟುಹೋಗುತ್ತದೆ ಅಂದರೂ ನಡೆದೇ ಹೋಗುತ್ತಿದ್ದ, ಬಸ್ಸು ತಪ್ಪಿಸಿಕೊಂಡು ನಡೆದೇ ಬರುತ್ತಿದ್ದ.

ಆ ಎರಡು ತಿಂಗಳಲ್ಲಿ ಬಂದವರೆಲ್ಲ ಹಳೆಯ ನೋವಿನವರು. ವರ್ಷಗಟ್ಟಲೆ ಬಿಗಿದುಕೊಂಡ ಅವರ ತೊಡೆ, ಭುಜಗಳನ್ನು ಅಮ್ಮ ಬೆಚ್ಚಗಿನ ಎಣ್ಣೆ ಹಚ್ಚಿ ನಿಧಾನಕ್ಕೆ ಸಡಿಲಿಸುತ್ತಿದ್ದರು. ಅದನ್ನು ನೋಡಿ ನೋಡಿ ಚೆಲುವರಾಜುವಿನ ಬೆರಳುಗಳು ಸುಮ್ಮನೆ ಕೂತಲ್ಲೇ ಆಡತೊಡಗಿದವು.

ಅವತ್ತು ಆ ಮನುಷ್ಯ ಹೀಗೆ ಸರಿಯಾಗಿ ಉಜ್ಜಿದ್ದರೆ ನನ್ನ ಕಾಲು ಉಳಿಯುತ್ತಿತ್ತು ಅಂತ ಅವನಿಗೆ ಅನ್ನಿಸುತ್ತಿತ್ತು. ಆ ಮನುಷ್ಯನ ಮೇಲಿನ ಸಿಟ್ಟು ದಿನಾ ಬೆಳಿಗ್ಗೆ ಅವನ ಜೊತೆಗೇ ಏಳುತ್ತಿತ್ತು. ಅವರ ಹೆಸರನ್ನು ಅವನು ಬಾಯಲ್ಲಿ ಆಡುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ಅಮ್ಮ ಪೇಟೆಗೆ ಹೋಗಿದ್ದಾಗ ಆಟೋ ಬಂದು ನಿಂತಿತು. ಅಪ್ಪನ ಹೆಗಲು ಹಿಡಿದು ಒಬ್ಬ ಹುಡುಗಿ ಇಳಿದಳು. ಅವಳನ್ನು ಜಗಲಿಯ ಮೇಲೆ ಕೂರಿಸಿ, ಅಮ್ಮ ಬರುತ್ತಾರೆಂದು ಕೇಳಿಕೊಂಡು, ಅಪ್ಪ ಅದೇ ಆಟೋದಲ್ಲಿ ಹಿಂದಿರುಗಿದ.

ಹುಡುಗಿಯ ಹೆಸರು ಇಂಚರ. ಹದಿನೇಳು ವರ್ಷ, ಎಂಟುನೂರು ಮೀಟರ್ ಓಟ.

“ಬೆಳಿಗ್ಗೆ ಪ್ರಾಕ್ಟೀಸಲ್ಲಿ ಯಾರೋ ಹಿಂದ್ಗಡೆಯಿಂದ ಒದ್ದಂಗಾಯ್ತು ಅಣ್ಣ,” ಅಂದಳು. “ತಿರುಗಿ ನೋಡಿದ್ರೆ ಯಾರೂ ಇಲ್ಲ. ಆಗಿಂದ ಕಾಲು ಊರಕ್ಕೆ ಆಗ್ತಿಲ್ಲ.”

ಚೆಲುವರಾಜು ಅವಳ ಕಾಲ ಹತ್ತಿರ ಕೂತ. ಅವನಿಗೂ ಹಾಗೇ ಆಗಿತ್ತು. ಅದೇ ಎಡಗಾಲು, ಅದೇ ಜಾಗ.

“ನಲವತ್ತೈದು ದಿನಕ್ಕೆ ಸೆಲೆಕ್ಷನ್ ಅದೆ. ಕ್ರೀಡಾ ಹಾಸ್ಟೆಲ್‌ದು. ಈ ಸಲ ಆಗದೇ ಇದ್ರೆ ವಯಸ್ಸು ಮೀರೋಯ್ತದೆ. ಆಮೇಲೆ ಓಟ ಸಾಕು ಅಂತ ಮನೇಲೂ ಹೇಳ್ಬಿಟ್ಟವ್ರೆ.” ಅವಳು ತನ್ನ ಕಾಲು ನೋಡಿಕೊಂಡಳು. “ಓಡ್ತೀನಾ ಅಣ್ಣ?”

ಯಾರಿಗೂ ನನ್ನ ಹಾಗೆ ಆಗಬಾರದು ಎಂಬುದೊಂದೇ ಆಗ ಅವನ ತಲೆಯಲ್ಲಿದ್ದದ್ದು. ಅಮ್ಮನ ಮಾತು ಮರೆತಿರಲಿಲ್ಲ. ಆದರೆ ಅಮ್ಮ ಬರುವುದು ಸಂಜೆ, ಅಷ್ಟರಲ್ಲಿ ಹೊತ್ತು ಮೀರಿದರೆ ಅಂತ ಹೆದರಿದ. ಒಲೆಯ ಮೇಲೆ ಎಣ್ಣೆ ಬಿಸಿ ಮಾಡಿ ತಂದ.

ಅರ್ಧ ಗಂಟೆ ಉಜ್ಜಿದ. ತನ್ನ ಕಾಲಿಗೆ ಸಿಗದ ಅಕ್ಕರೆಯನ್ನೆಲ್ಲ ಆ ಕಾಲಿಗೆ ಸುರಿದ. ಹುಡುಗಿ ಹಲ್ಲು ಕಚ್ಚಿ ತಡೆದುಕೊಂಡಳು. ಕೊನೆಗೆ ಕಣ್ಣೊರೆಸಿಕೊಂಡು, “ನೋವು ಹೋಯ್ತು ಅಣ್ಣ” ಅಂದಳು.

ಅವನಿಗೆ ಬಲು ಸಂತೋಷವಾಯಿತು.

ಸಂಜೆ ಅಮ್ಮ ಬರುವ ಹೊತ್ತಿಗೆ ಆ ಕಾಲು ಎರಡರಷ್ಟು ದಪ್ಪವಾಗಿತ್ತು. ಚರ್ಮ ಬಿಗಿದು ಹೊಳೆಯುತ್ತಿತ್ತು, ಒಳಗಿನಿಂದ ನೀಲಿ ಏರುತ್ತಿತ್ತು.

ಅಮ್ಮ ಬೈಯಲಿಲ್ಲ. ಬಟ್ಟೆಯಲ್ಲಿ ಐಸು ಸುತ್ತಿ ಇಟ್ಟರು, ಆಮೇಲೆ ಬಿಗಿಯಾಗಿ ಬ್ಯಾಂಡೇಜು ಕಟ್ಟಿದರು, ಮೂರು ದಿಂಬು ಪೇರಿಸಿ ಕಾಲನ್ನು ಮೇಲಿಟ್ಟರು. ಹುಡುಗಿಯನ್ನು ಮಲಗಿಸಿ ಜಗಲಿಗೆ ಬಂದರು.

“ನೋವು ಹೋಯ್ತು ಅಂದ್ಲಾ?”

“ಅಂದ್ಲು ಅಮ್ಮ.”

“ಎಲ್ಲಿಗೆ ಹೋಯ್ತು ಅಂತ ನೀನು ಕೇಳ್ಬೇಕಾಗಿತ್ತು.”

ಅವನು ಕೈಗಳನ್ನು ಪಂಚೆಗೆ ಒರೆಸಿಕೊಂಡ.

“ಇವತ್ತು ಹರಿದದ್ದು ಹಸಿ ಗಾಯ ಮಗ. ಹೊರಗೆ ಕಾಣಲ್ಲ, ಒಳಗೆ ರಕ್ತ ಸೋರ್ತಾ ಇರ್ತದೆ. ಬಿಸಿ ಮಾಡಿ ಉಜ್ಜಿದ್ರೆ ಇನ್ನಷ್ಟು ಸೋರ್ತದೆ, ಇನ್ನಷ್ಟು ಹರೀತದೆ. ಮೊದಲ ಮೂರು ದಿನ ತಣ್ಣಗಿಟ್ಟು, ಕಟ್ಟಿ, ಎತ್ತರಿಸಿ, ಸುಮ್ಕಿರಬೇಕು. ನಾನು ಎಣ್ಣೆ ಹಾಕೋದು ಹಳೇ ಬಿಗಿತಕ್ಕೆ.”

“ಹಂಗಾದ್ರೆ ಅವತ್ತು ನನ್ನ ಕಾಲು…”

“ಉಜ್ಜಿದ್ದಕ್ಕೂ ಹೋಯ್ತು, ಓಡಿಸಿದ್ದಕ್ಕೂ ಹೋಯ್ತು.”

“ಸರಿಯಾಗಿ ಉಜ್ಜದೇ ಇದ್ದದ್ದಕ್ಕೆ ಅಂತ ಅಂದ್ಕೊಂಡಿದ್ದೆ.”

ಅಮ್ಮ ಎಣ್ಣೆಯ ಬಟ್ಟಲನ್ನು ಎತ್ತಿ ಬದಿಗಿಟ್ಟರು.

ಚೆಲುವರಾಜು ತನ್ನ ಅಂಗೈಗಳನ್ನು ನೋಡಿಕೊಂಡ. ಅವುಗಳಲ್ಲಿ ಇನ್ನೂ ಎಣ್ಣೆಯ ವಾಸನೆಯಿತ್ತು. ಮೂರು ವರ್ಷ ಅವನು ಯಾವ ಕೈಗಳನ್ನು ಶಪಿಸಿದ್ದನೋ ಆ ಕೈಗಳು ತನ್ನ ಮೈಗೇ ಅಂಟಿಕೊಂಡಿದ್ದವು. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾರನೇ ದಿನ ಅಮ್ಮ ಹುಡುಗಿಯನ್ನು ಪೇಟೆಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿಕೊಂಡು ಬಂದರು. ಪೂರ್ತಿ ಹರಿದಿರಲಿಲ್ಲ. ಮೂರರಲ್ಲಿ ಒಂದು ಪಾಲು ಹರಿದಿತ್ತು.

“ಐದು ದಿನ ಹಿಂದಕ್ಕೆ ಬಿದ್ದೊ. ಆದ್ರೂ ದಿನ ಅವೆ,” ಅಂದರು.

ಚೆಲುವರಾಜು ಅಷ್ಟರಲ್ಲಿ ಬ್ಯಾಗು ಕಟ್ಟಿಕೊಂಡು ಮೆಟ್ಟಿಲ ಹತ್ತಿರ ನಿಂತಿದ್ದ.

“ಹೊರಟ್ಯಾ?”

“ಈ ಕೈ ಈ ಕೆಲಸಕ್ಕಲ್ಲ ಅಮ್ಮ.”

“ಹೋಗುವಂತೆ. ಅದಕ್ಕೆ ಮುಂಚೆ ಹೊಳೆಗಿಳಿದು ಒಂದು ಮೀನು ಮುಟ್ಕೊಂಡು ಬಾ.”

ಹೋಗುವವನಿಗೆ ಇದೇನು ಹೊಸ ಕೆಲಸವೋ ಅನ್ನಿಸಿತು. ಆದರೂ ಪಂಚೆ ಎತ್ತಿ ಕಟ್ಟಿ ಇಳಿದ. ಟವೆಲನ್ನು ಬಲೆ ಮಾಡಿಕೊಂಡು ಅತ್ತ ಇತ್ತ ಬೀಸಿ, ಮೈಯೆಲ್ಲ ಒದ್ದೆ ಮಾಡಿಕೊಂಡು, ಬೆರಳುದ್ದದ ಒಂದು ಮೀನನ್ನು ಚೊಂಬಿನಲ್ಲಿ ಹಾಕಿಕೊಂಡು ಬಂದ.

ಅಮ್ಮ ಚೊಂಬಿನೊಳಗೆ ಇಣುಕಿದರು.

“ಹಿಡಿ ಅಂದ್ನಾ? ಮುಟ್ಟು ಅಂದೆ.”

“ಹಿಡೀದೆ ಮುಟ್ಟೋದು ಹೆಂಗಮ್ಮ?”

“ಅದು ಗೊತ್ತಿದ್ದಿದ್ರೆ ಆ ಕೂಸಿನ ಕಾಲು ಊದ್ಕೊತಿರಲಿಲ್ಲ.” ಚೊಂಬನ್ನು ತಾವೇ ಕೊಂಡೊಯ್ದು ಹೊಳೆಗೆ ಬಗ್ಗಿಸಿದರು. “ಕಾಲಿನ ಹಿಂದಿನ ಮಾಂಸಕ್ಕೆ ಮೀನಖಂಡ ಅಂತ ಹೆಸರಿಟ್ಟೋರು ಸುಮ್ಸುಮ್ನೆ ಇಟ್ಟಿಲ್ಲ ಮಗ. ಹೋಗು, ಕೂತ್ಕೊ.”

ಅವನು ಕೂತ.

ಕೊನೆಯ ಮೆಟ್ಟಿಲು ನೀರೊಳಗಿತ್ತು. ಅದರ ಮೇಲೆ ಸೊಂಟದವರೆಗೆ ಮುಳುಗಿ, ಎರಡೂ ಕೈಗಳನ್ನು ಅಂಗೈ ಮೇಲಾಗಿ ನೀರಿನಲ್ಲಿ ಬಿಟ್ಟು ಕೂತ. ಮಾರ್ಗಶಿರದ ಬಿಸಿಲು. ತಿಳಿಯಾದ ನೀರು. ಮೀನುಗಳು ದೂರದಿಂದ ಅವನನ್ನು ನೋಡಿ ಹಾಗೇ ತಿರುಗಿ ಹೋದವು.

ಮೊದಲ ದಿನ ಅವನು ಕಾದ. ಕಾಯುವ ಕೈಗೆ ಯಾವ ಮೀನೂ ಬರಲಿಲ್ಲ.

ಎರಡನೇ ದಿನ ಒಂದು ಮೀನು ಬಂದು ಕಿರುಬೆರಳಿನ ತುದಿಯನ್ನು ಕಚ್ಚಿ ನೋಡಿತು. ಅವನ ಬೆರಳು ಆಸೆಯಿಂದ ಒಂದು ಕೂದಲೆಳೆಯಷ್ಟು ಮಡಿಚಿತು. ಮೀನು ಮಾಯವಾಯಿತು.

“ಬಂದಿತ್ತು ಅಮ್ಮ,” ಅಂದ ಮೇಲೆ ಬಂದು.

“ನೀನು ಹೋಗಿದ್ದೆ ಅದರ ಕಡೆಗೆ,” ಅಂದರು ಅಮ್ಮ.

ಮೂರು, ನಾಲ್ಕು, ಐದು. ದಿನಗಳು ಒಂದರೊಳಗೊಂದು ಸೇರಿಕೊಂಡವು. ನೀರು ಎಲ್ಲಿ ಮುಗಿದು ಕೈ ಎಲ್ಲಿ ಶುರುವಾಗುತ್ತದೆ ಎಂಬುದು ಅವನಿಗೆ ತಿಳಿಯದಾಯಿತು. ಒಮ್ಮೊಮ್ಮೆ ತಾನು ಮೇಲಿನ ಜಗಲಿಯಲ್ಲಿದ್ದೇನೆ, ಹೊಳೆಯಲ್ಲಿ ಕೂತಿರುವವನು ಬೇರೆ ಯಾರೋ ಅನ್ನಿಸುತ್ತಿತ್ತು. ಬ್ಯಾಗು ಕಟ್ಟಿಟ್ಟದ್ದು ಮರೆತೇ ಹೋಯಿತು.

ಒಂದು ಮಧ್ಯಾಹ್ನ ಹಾಗೇ ತೂಕಡಿಸಿದಾಗ ಕನಸು ಬಿತ್ತು. ಲೋಕದ ಓಟಗಾರರೆಲ್ಲ ದಂಡೆಯ ಮೇಲೆ ಸಾಲಾಗಿ ಕೂತಿದ್ದಾರೆ. ಅವರ ಕಾಲಿನ ಮೀನುಗಳೆಲ್ಲ ಹೊಳೆಗಿಳಿದು ಈಜುತ್ತಿವೆ. ತಂತಮ್ಮ ಮೀನು ತಿರುಗಿ ಬರಲೆಂದು ಎಲ್ಲರೂ ಕಾಯುತ್ತಿದ್ದಾರೆ, ಯಾರಿಗೂ ಅವಸರವಿಲ್ಲ. ಅವನ ಎಡಗಾಲಿನ ಮೀನಿಗೆ ಮಾತ್ರ ಹೊಟ್ಟೆಯ ಹತ್ತಿರ ಒಂದು ಕುಳಿ. ಅದು ಆಚೆ ದಡದ ನೆರಳಿನಲ್ಲಿ ನಿಂತುಬಿಟ್ಟಿತ್ತು. ಅವನು ಕರೆದ. ಅದು ಬರಲಿಲ್ಲ.

ಒಂಬತ್ತನೇ ದಿನ ಒಂದು ಮೀನು ಅವನ ಅಂಗೈ ಮೇಲೆ ಬಂದು ನಿಂತಿತು. ಅದರ ಹೊಟ್ಟೆ ಅವನ ಚರ್ಮಕ್ಕೆ ತಾಗಿತ್ತು. ಅದು ಉಸಿರಾಡುವುದು ಅವನಿಗೆ ಗೊತ್ತಾಗುತ್ತಿತ್ತು, ಎಲ್ಲಿ ಬಿಗಿ, ಎಲ್ಲಿ ಸಡಿಲ ಅನ್ನುವುದೂ ಗೊತ್ತಾಗುತ್ತಿತ್ತು. ಅವನು ಏನೂ ಮಾಡಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅದು ತಾನಾಗಿ ಹೋಯಿತು.

ಅವನು ಮೇಲೆ ಬಂದಾಗ ಅಮ್ಮ ಅವನ ಮುಖ ನೋಡಿದರು.

“ಇವತ್ತಿಂದ ಆ ಕೂಸಿನ ಕಾಲು ನಿಂದು,” ಅಂದರು. “ಓಡು ಅಂತ ಹೇಳೋದೂ ನೀನೇ. ನೀನು ಹೂಂ ಅನ್ನೋಗಂಟ ಅವಳು ಓಡಂಗಿಲ್ಲ.”

“ಕೆಡಿಸಿದೋನ ಕೈಗೇ ಕೊಡ್ತೀರಾ ಅಮ್ಮ?”

“ಮತ್ಯಾರ ಕೈಗೆ ಕೊಡ್ಲಿ?”

ಇಂಚರ ಒಳಕೋಣೆಯ ಕಿಟಕಿಯ ಹತ್ತಿರ ಕೂತು ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿದ್ದಳು. ಊತ ಇಳಿದಿತ್ತು, ನೀಲಿ ಹಳದಿಗೆ ತಿರುಗಿತ್ತು. ಚೆಲುವರಾಜು ಅವಳೆದುರು ನೆಲದ ಮೇಲೆ ಕೂತ.

“ಅವತ್ತು ನಾನು ಉಜ್ಜಬಾರದಿತ್ತು ಇಂಚರ. ನನ್ನಿಂದ ತಪ್ಪಾಯ್ತು.”

“ಗೊತ್ತು ಅಣ್ಣ. ಅಮ್ಮ ಹೇಳಿದ್ರು.”

“ನಂಗೆ ಬೈಯಲ್ವಾ?”

“ಬೈದ್ರೆ ಕಾಲು ಬೇಗ ವಾಸಿಯಾಯ್ತದಾ?” ಅಂದಳು ಅವಳು. ಅವಳಿಗೆ ನಿಜಕ್ಕೂ ಅದನ್ನು ತಿಳಿದುಕೊಳ್ಳಬೇಕಿತ್ತು.

ಕೆಲಸ ಶುರುವಾಯಿತು. ಮೊದಲು ಪಾದ ಆಡಿಸುವುದು. ಆಮೇಲೆ ಕಂಬ ಹಿಡಿದು ಎರಡೂ ಹಿಮ್ಮಡಿ ಎತ್ತುವುದು. ಆಮೇಲೆ ಮಂಡಿಯುದ್ದ ನೀರಿನಲ್ಲಿ ನಡೆಯುವುದು. ಪ್ರತಿ ಸಂಜೆ ಚೆಲುವರಾಜು ಅವಳ ಮೀನಖಂಡದ ಕೆಳಗೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದ. ಎಲ್ಲಿ ಬಿಗಿಯಿದೆಯೋ ಅಲ್ಲಿ ಕೈ ಸುಮ್ಮನಿರುತ್ತಿತ್ತು. ಬಿಗಿತ ತಾನಾಗಿ ಬಿಡುತ್ತಿತ್ತು.

ಕಾಲು ಹರಿದ ಇಪ್ಪತ್ತೆರಡನೇ ದಿನ ಅವಳು ಎಡಗಾಲೊಂದರ ಮೇಲೇ ನಿಂತು ಹಿಮ್ಮಡಿ ಎತ್ತಿದಳು. ಒಂದೇ ಒಂದು ಸಲ ಸಾಧ್ಯವಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೂವತ್ತೆರಡನೇ ದಿನ ಬಲಗಾಲಿನಲ್ಲಿ ಇಪ್ಪತ್ತೈದು ಸಲ, ಎಡಗಾಲಿನಲ್ಲೂ ಇಪ್ಪತ್ತೈದು ಸಲ ಎತ್ತಿದಳು. ಒಂಟಿಗಾಲಲ್ಲಿ ಕುಪ್ಪಳಿಸಿ ಜಗಲಿಯ ಈ ತುದಿಯಿಂದ ಆ ತುದಿಗೆ ಹೋಗಿ ಬಂದಳು.

“ನೋವು ಹೋಯ್ತು ಅಣ್ಣ. ನಾಳೆಯಿಂದ ಓಡ್ಲಾ?”

ಅವನು ಅಂಗೈ ಇಟ್ಟ. ಒಳಗೆ ಏನೋ ಸಿಕ್ಕಿತು. ಹೆಬ್ಬೆರಳಷ್ಟು ಒಂದು ಗಂಟು.

“ಇನ್ನೂ ಗಂಟದೆ. ಬೇಡ.”

ಮೂವತ್ಮೂರನೇ ದಿನ ಕೇಳಿದಳು. ಗಂಟಿತ್ತು. ಮೂವತ್ನಾಲ್ಕು, ಮೂವತ್ತೈದು. ಗಂಟು ಇದ್ದಲ್ಲೇ ಇತ್ತು.

ಮೂವತ್ತಾರನೇ ದಿನ ಇಂಚರ ಅವನನ್ನು ಕೇಳಲಿಲ್ಲ. ನೇರ ಅಮ್ಮನ ಹತ್ತಿರ ಹೋದಳು. ಅವಳ ಕಣ್ಣು ಕೆಂಪಗಿದ್ದವು.

“ವಾಸಿಯಾಯ್ತು ಅಂತ ನನ್ನ ಕಾಲು ಹೇಳ್ತದೆ. ಇಲ್ಲ ಅಂತ ಅಣ್ಣ ಹೇಳ್ತಾರೆ. ಒಂಬತ್ತೇ ದಿನ ಅದೆ ಅಮ್ಮ. ಈಗ ಓಡಕ್ಕೆ ಶುರು ಮಾಡದೇ ಇದ್ರೆ ಅವತ್ತು ಹೆಂಗೆ ಓಡ್ಲಿ?”

ಅಮ್ಮ ಸುತ್ತಿಟ್ಟಿದ್ದ ಒಂದು ಬ್ಯಾಂಡೇಜು ತೆಗೆದುಕೊಂಡು ಎದ್ದರು.

“ನಡೀರಿ ಹೊಳೆಗೆ.”

ಚೆಲುವರಾಜು ಎಂದಿನ ಹಾಗೆ ನೀರೊಳಗಿನ ಮೆಟ್ಟಿಲ ಮೇಲೆ ಕೂತ. ಅಮ್ಮ ಅವನ ಕಣ್ಣಿಗೆ ಬ್ಯಾಂಡೇಜು ಕಟ್ಟಿದರು. ನೀರು ಕದಡಿತು, ಯಾರೋ ಇಳಿದರು, ನೀರು ಮತ್ತೆ ಸುಮ್ಮನಾಯಿತು. ಅವನ ಅಂಗೈಗೆ ಒಂದು ಮೀನಖಂಡ ಬಂದು ಕೂತಿತು.

“ನೋಡಿ ಹೇಳು,” ಅಂದರು ಅಮ್ಮ.

ಅವನು ಬಹಳ ಹೊತ್ತು ನೋಡಿದ. ನೀರಿನ ತಣುಪಿನಲ್ಲಿ ಆ ಸ್ನಾಯು ಬೆಚ್ಚಗಿತ್ತು. ಅದರ ಮೇಲ್ತುದಿಯಿಂದ ಹಿಮ್ಮಡಿಯವರೆಗೆ ಅವನ ಬೆರಳು ಇಳಿದವು, ಏರಿದವು, ಒಂದು ಕಡೆ ನಿಂತವು.

“ಇಲ್ಲೇ ಅದೆ ಅಮ್ಮ. ಹೆಬ್ಬೆರಳಷ್ಟು. ನಾನು ಸುಳ್ಳು ಹೇಳ್ತಿಲ್ಲ.”

“ಕಟ್ಟು ಬಿಚ್ಚಿ ನೋಡು.”

ಅವನು ಬ್ಯಾಂಡೇಜನ್ನು ಹಣೆಯ ಮೇಲಕ್ಕೆ ಸರಿಸಿದ. ಇಂಚರ ಅವನಿಗೆ ಬೆನ್ನು ಮಾಡಿ, ಅಮ್ಮನ ತೋಳು ಹಿಡಿದು ನಿಂತಿದ್ದಳು. ಅವನ ಕೈಯಲ್ಲಿದ್ದದ್ದು ಅವಳ ಬಲಗಾಲು.

ಎಂದೂ ಹರಿಯದ ಕಾಲು.

ಇಂಚರ ತಿರುಗಿ ನೋಡಿದಳು. ಅವಳು ನಗಲಿಲ್ಲ. ಅವನ ಮುಖ ನೋಡಿ ಅವಳಿಗೆ ಪಾಪ ಅನ್ನಿಸಿತು.

“ನನ್ನ ಕೈಗೆ ಸಿಕ್ತಲ್ಲ ಅಮ್ಮ,” ಅಂದ ಚೆಲುವರಾಜು. “ಗಂಟು ಸಿಕ್ತು. ಅದು ಎಲ್ಲಿತ್ತು ಹಂಗಾದ್ರೆ?”

“ಈ ಕೂಸಿನ ಕಾಲಿಂದ ನೋವು ಹೋಯ್ತು. ಎಲ್ಲಿಗೆ ಹೋಯ್ತು ಅಂತ ನೀನೇ ಹುಡುಕ್ಕೊ.”

ಇಬ್ಬರೂ ಮೆಟ್ಟಿಲು ಹತ್ತಿ ಹೋದರು. ಅವನು ನೀರಿನಲ್ಲೇ ಉಳಿದ.

ಹೊತ್ತು ಇಳಿಯುತ್ತಿತ್ತು. ಹೊಳೆ ಹರಿಯುವುದನ್ನು ಮರೆತು ನಿಂತ ಹಾಗಿತ್ತು. ಮೀನುಗಳು ಒಂದೊಂದಾಗಿ ಬಂದವು. ಈ ಸಲ ಅವು ಅವನ ಅಂಗೈಗೆ ಬರಲಿಲ್ಲ. ಅವನ ಎಡಗಾಲಿನ ಹಿಂದೆ ಸೇರಿದವು, ಆ ಕುಳಿಯಲ್ಲಿ ಮೂತಿಯಿಟ್ಟು ಮೆಲ್ಲಗೆ ಕಚ್ಚತೊಡಗಿದವು.

ಮೂರು ವರ್ಷದಲ್ಲಿ ಅವನು ಆ ಕುಳಿಯನ್ನು ತಾನಾಗಿ ಮುಟ್ಟಿಕೊಂಡಿರಲಿಲ್ಲ. ಮೀಯುವಾಗಲೂ ಅದನ್ನು ಬಿಟ್ಟು ಸೋಪು ಹಚ್ಚುತ್ತಿದ್ದ. ಈಗ ಅವನ ಕೈ ತಾನಾಗಿ ಹಿಂದಕ್ಕೆ ಹೋಯಿತು. ಮೀನುಗಳು ಸರಿದು ಜಾಗ ಬಿಟ್ಟವು. ಹೆಬ್ಬೆರಳು ಕುಳಿಯಲ್ಲಿ ಕೂತಿತು, ಅಳತೆ ತೆಗೆದು ಮಾಡಿಸಿದ ಹಾಗೆ.

ಅವನು ಗಟ್ಟಿಯಾಗಿ ಅತ್ತ. ಮೇಲೆ ಕೇಳಿಸಿದರೆ ಕೇಳಿಸಲಿ ಅಂತ ಅತ್ತ.

ಆಮೇಲೆ ಜಗಲಿಗೆ ಬಂದು, ಒದ್ದೆ ಬಟ್ಟೆಯಲ್ಲೇ ಅಮ್ಮನ ಕಾಲ ಹತ್ತಿರ ಕೂತ.

“ನಂಗೆ ಭಯ ಅಮ್ಮ.”

“ಗೊತ್ತು.”

“ಅವತ್ತು ಹೂಂ ಅಂತ ನನ್ನ ಕಳಿಸಿದ್ದು ಅವರು. ಆ ಹೂಂ ನನ್ನ ಬಾಯಿಗೆ ಬರ್ತಾ ಇಲ್ಲ.”

“ಹೂಂ.”

“ಅವಳು ಓಡೋವಾಗ ಮತ್ತೆ ಹರಿದ್ರೆ?”

“ಹರೀಬೋದು.”

“ಹರಿಯಲ್ಲ ಅಂತ ನೀವು ಹೇಳಿಬಿಡಿ ಅಮ್ಮ.”

“ಹೆಂಗೆ ಹೇಳ್ಲಿ? ನೋಡಬೇಕಾದ್ದೆಲ್ಲ ನೋಡಾಯ್ತು. ಎರಡು ಕಾಲೂ ಒಂದೇ ಸಮ ಎತ್ತಿದ್ಲು, ಒಂದೇ ಸಮ ಕುಪ್ಪಳಿಸಿದ್ಲು. ಅದರಿಂದಾಚೆಗೆ ನಂಗೂ ಕಾಣಲ್ಲ.” ಅಮ್ಮ ಹೊಳೆಯ ಕಡೆ ನೋಡಿದರು. “ಅವತ್ತು ಮೀನು ನಿನ್ನ ಅಂಗೈಗೆ ಬಂತಲ್ಲ. ಬಂದ ಮೇಲೆ ಏನು ಮಾಡ್ದೆ?”

“ಏನೂ ಮಾಡಲಿಲ್ಲ. ಅದೇ ಹೋಯ್ತು.”

ಅಮ್ಮ ಎದ್ದು ಅವನಿಗೆ ಒಣಗಿದ ಟವೆಲು ತಂದುಕೊಟ್ಟರು.

ಬೆಳಿಗ್ಗೆ ಹೊಳೆಯ ಮೇಲೆ ಮಂಜು ಕೂತಿತ್ತು. ಮೆಟ್ಟಿಲ ಪಕ್ಕದ ಮರಳಿನ ದಿಬ್ಬ ಅರ್ಧ ಕಾಣುತ್ತಿತ್ತು, ಅರ್ಧ ಕಾಣುತ್ತಿರಲಿಲ್ಲ. ಇಂಚರ ಶೂಸು ಹಾಕಿಕೊಂಡು, ಏನೂ ಕೇಳದೆ, ನೀರು ತಾಗದ ಮೆಟ್ಟಿಲ ಮೇಲೆ ನಿಂತಿದ್ದಳು.

ಚೆಲುವರಾಜು ಅವಳ ಕಾಲ ಹತ್ತಿರ ಬಗ್ಗಿದ. ಅಂಗೈ ಇಟ್ಟ. ಕಣ್ಣು ಮುಚ್ಚಿದ. ಅಲ್ಲಿ ಒಂದು ಮೀನಿತ್ತು, ಅದು ಹೋಗಲು ಕಾಯುತ್ತಿತ್ತು.

“ಹೂಂ,” ಅಂದ.

“ಏನಣ್ಣ?”

“ಓಡು. ಇವತ್ತು ಅರ್ಧ ಜೋರು ಸಾಕು.”

“ನೀನೂ ಓಡು,” ಅಂದರು ಮೇಲಿನಿಂದ ಅಮ್ಮ. “ಹಿಂದಿನಿಂದ ಅವಳ ಹಿಮ್ಮಡಿ ನೋಡೋರು ಬೇಕು.”

“ನಾನು ಓಡಲ್ಲ ಅಮ್ಮ.”

“ಪಂದ್ಯ ಇಲ್ಲ ಅಂದಿದ್ದೆ. ಓಟ ಇಲ್ಲ ಅಂದಿರಲಿಲ್ಲ.”

ಇಂಚರ ಆಗಲೇ ಮಂಜಿನೊಳಗೆ ಹೋಗಿದ್ದಳು. ಹಿಮ್ಮಡಿ ಕಾಣಬೇಕಾದರೆ ಹತ್ತಿರವಿರಬೇಕು. ಅವನು ಜೋರಾಗಿ ನಡೆದ. ಸಾಲಲಿಲ್ಲ. ಇನ್ನೂ ಜೋರಾಗಿ ನಡೆದ. ಅವಳ ಹಿಮ್ಮಡಿಗಳು ಮರಳಿನಿಂದ ಎದ್ದು ಬೀಳುತ್ತಿದ್ದವು, ಎಡ, ಬಲ, ಒಂದೇ ಸಮ. ಅವನು ಅವನ್ನೇ ನೋಡುತ್ತಿದ್ದ. ಯಾವಾಗ ನಡಿಗೆ ಮುಗಿದು ಓಟ ಶುರುವಾಯಿತೋ ಅವನಿಗೆ ತಿಳಿಯಲಿಲ್ಲ. ತಿಳಿದಾಗ ದಿಬ್ಬದ ತುದಿ ಬಂದಿತ್ತು, ಅವನು ಏದುಸಿರು ಬಿಡುತ್ತಿದ್ದ.

“ಸರಿಯಾಗಿ ಅದಾ ಅಣ್ಣ?” ಅಂತ ಕೇಳಿದಳು ಇಂಚರ.

“ಸರಿಯಾಗಿ ಅದೆ,” ಅಂದ. ಅವನಿಗೆ ನಗು ಬಂತು, ಯಾಕೆಂದು ಹೇಳಲಿಲ್ಲ.

ಎಂಟು ದಿನವೂ ಇಬ್ಬರೂ ಓಡಿದರು. ದಿನಾ ಸ್ವಲ್ಪ ಸ್ವಲ್ಪ ಜೋರು ಹೆಚ್ಚಾಯಿತು. ಕೊನೆಯ ಎರಡು ದಿನ ಅವನು ಬಹಳ ಹಿಂದೆ ಬಿದ್ದ. ಅವಳು ಮಂಜಿನಲ್ಲಿ ಕಾಣದಾದಾಗ ಅವನು ಹೆದರುತ್ತಿದ್ದ. ಆದರೂ ಕೂಗಿ ನಿಲ್ಲಿಸಲಿಲ್ಲ.

ನಲವತ್ತೈದನೇ ದಿನ ಬೆಳಗಿನ ಬಸ್ಸಿಗೆ ಅವಳು ಹೋದಳು.

ಸಂಜೆ ಅಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಚೆಲುವರಾಜುವೂ ಬಿಡಿಸುತ್ತಿದ್ದ. ಅವನು ಕಾಳನ್ನು ಸಿಪ್ಪೆಯ ರಾಶಿಗೂ ಸಿಪ್ಪೆಯನ್ನು ಮೊರಕ್ಕೂ ಹಾಕುತ್ತಿದ್ದ.

ಫೋನ್ ಬಂತು.

“ಮೂರನೆಯವಳು ಅಣ್ಣ. ಮೂರು ಜನಾನೇ ತಗೊಂಡಿದ್ದು.”

“ಕಾಲು?”

“ಅದೆ, ಎಲ್ಲೂ ಹೋಗಿಲ್ಲ.” ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗುವಂತಿರಲಿಲ್ಲ. “ನೋವು ಹೋಯ್ತು. ಎಲ್ಲಿಗೆ ಅಂತ ಮಾತ್ರ ಕೇಳಬ್ಯಾಡಿ ಅಂತ ಅಮ್ಮಂಗೆ ಹೇಳಿ.”

ಅವನು ಹೇಳಿದ. ಅಮ್ಮ ಹೂಂಗುಟ್ಟಿದರು. ಅವರ ಕಣ್ಣಂಚು ಒದ್ದೆಯಾಗಿತ್ತು.

ಮತ್ತೆ ಇಬ್ಬರೂ ಕಾಯಿ ಬಿಡಿಸಿದರು. ಹೊಳೆಯ ಮೇಲೆ ಬಿಸಿಲು ಕೆಂಪಾಗುತ್ತಿತ್ತು. ಕೆಳಗೆ ಎಲ್ಲೋ ಒಂದು ಮೀನು ಎಗರಿ ಬಿದ್ದ ಸದ್ದಾಯಿತು.

“ಅಮ್ಮ.”

“ಹೂಂ.”

“ಅವತ್ತು ನನ್ನ ಕಾಲು ಉಜ್ಜಿದೋರು…” ಅವನು ತಡೆದು ಹೇಳಿದ. “ವೀರಭದ್ರಪ್ಪ ಅಂತ ಅವರ ಹೆಸರು. ಅವರೂ ನಾನು ಓಡ್ಲಿ ಅಂತಲೇ ಉಜ್ಜಿದ್ದು ಅಲ್ವಾ?”

ಅಮ್ಮ ಅವನ ಕಡೆ ತಿರುಗಿದರು.

“ಉಜ್ಜೋವಾಗ ಅವರ ಕಣ್ಣಲ್ಲೂ ನೀರಿತ್ತು ಅಮ್ಮ. ಇವತ್ತು ನೆನಪಾಯ್ತು.”

ಅಮ್ಮ ಒಂದು ಕಾಯಿ ಸೀಳಿ ಕಾಳನ್ನು ಮೊರಕ್ಕೆ ಉದುರಿಸಿದರು. ಸಿಪ್ಪೆಯನ್ನು ಆಚೆ ಹಾಕಿದರು.

“ಹೋಗ್ಲಿ ಬಿಡು,” ಅಂದರು.